ಎತ್ತರದ ಪೋಸ್ಟ್‌ಗೆ ಸಾಮಾನು ಹೊರುವ ಡ್ರೋನ್: ಟ್ರಯಲ್ ಪಾಸಾದ ಮೇಲೂ ಆರ್ಡರ್‌ಗೆ ಇಷ್ಟು ತಡ ಯಾಕೆ?

ಪೀಣ್ಯ_ಪ್ರೊಪೆಲ್ಲರ್

ಎಲ್ಲರಿಗೂ ನಮಸ್ಕಾರ. ಸೇನೆ, ಡ್ರೋನ್ ಅಂದ ಕೂಡಲೇ ಮಾತು ಬಾಂಬು, ಕ್ಯಾಮೆರಾ ಕಡೆಗೇ ಹೋಗುತ್ತದೆ. ನನಗೆ ಬೇಕಿರುವುದು ಸಾಮಾನು ಹೊರುವ ಡ್ರೋನ್ ಬಗ್ಗೆ ಚರ್ಚೆ. ಸೀಮೆಎಣ್ಣೆ, ರೇಷನ್, ಔಷಧಿ, ಬ್ಯಾಟರಿ, ಮದ್ದುಗುಂಡು. ಲಡಾಖ್, ಸಿಕ್ಕಿಂ, ಅರುಣಾಚಲದ ಎಷ್ಟೋ ಪೋಸ್ಟ್‌ಗಳಿಗೆ ಇವೆಲ್ಲ ಇವತ್ತಿಗೂ ಹೆಲಿಕಾಪ್ಟರ್‌ನಲ್ಲಿ, ಹೇಸರಗತ್ತೆ ಮೇಲೆ, ಇಲ್ಲಾ ಪೋರ್ಟರ್‌ಗಳ ಬೆನ್ನ ಮೇಲೆ ಹೋಗುತ್ತಿವೆ.

2022ರಲ್ಲಿ ಸೇನೆ 363 ಲಾಜಿಸ್ಟಿಕ್ಸ್ ಡ್ರೋನ್‌ಗಳಿಗೆ ಟೆಂಡರ್ ಕರೆಯಿತು. 163 ಅತಿ ಎತ್ತರದ ಜಾಗಕ್ಕೆ, 200 ಮಧ್ಯಮ ಎತ್ತರಕ್ಕೆ. ನಮ್ಮಂಥ ಸಣ್ಣ ವರ್ಕ್‌ಶಾಪ್‌ಗಳಿಗೆಲ್ಲ ಆಗ ದೊಡ್ಡ ಆಸೆ ಹುಟ್ಟಿತ್ತು. ಮುಂದೆ ಆಗಿದ್ದು ಬೇರೆ. ಫೆಬ್ರವರಿ 2025ರಲ್ಲಿ ರಕ್ಷಣಾ ಸಚಿವಾಲಯ 400 ಲಾಜಿಸ್ಟಿಕ್ಸ್ ಡ್ರೋನ್‌ಗಳ ಮೂರು ಒಪ್ಪಂದಗಳನ್ನು ರದ್ದು ಮಾಡಿದ ಸುದ್ದಿ ಬಂತು. ಮೊತ್ತ ಸುಮಾರು 230 ಕೋಟಿ. ಕಾರಣ, ಒಳಗೆ ಚೀನಾದ ಬಿಡಿಭಾಗ. ರದ್ದು ಮಾಡಿದ್ದು ಸರಿಯೇ. ಗಡಿಯ ಆಚೆಯವರು ಮಾಡಿದ ಎಲೆಕ್ಟ್ರಾನಿಕ್ಸ್ ಇಟ್ಟುಕೊಂಡು ಅದೇ ಗಡಿಗೆ ರೇಷನ್ ಕಳಿಸಲು ಆಗುವುದಿಲ್ಲ. ಆದರೆ ಕಂಪನಿಗಳು ಆ ಭಾಗ ಯಾಕೆ ಕೊಳ್ಳುತ್ತವೆ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ಲ.

ನಾನು ಕಾರ್ಬನ್ ಫೈಬರ್ ಪ್ರೊಪೆಲ್ಲರ್ ಮಾಡುತ್ತೇನೆ. ನನ್ನ ಗಿರಾಕಿಗಳು ಡ್ರೋನ್ ಕಂಪನಿಗಳು. ಅವರಲ್ಲಿ ಒಬ್ಬರು ಲೇಹ್‌ನಲ್ಲಿ ಟ್ರಯಲ್ ಕೊಟ್ಟು ಬಂದರು. ಅದು 'ನೋ ಕಾಸ್ಟ್ ನೋ ಕಮಿಟ್‌ಮೆಂಟ್' ಟ್ರಯಲ್. ಸಾಗಣೆ, ಪೈಲಟ್‌ಗಳ ಊಟ ವಸತಿ, ಒಡೆದುಹೋಗುವ ಡ್ರೋನ್ ಎಲ್ಲದರ ಖರ್ಚೂ ಕಂಪನಿಯದ್ದೇ. ಚೆನ್ನಾಗಿ ಹಾರಿತು, ಮೆಚ್ಚಿದರು. ಆಮೇಲೆ ಟೆಂಡರ್ ಬರಬೇಕು, ಅದರಲ್ಲಿ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವರು, ಆಗಬೇಕು, ಫೀಲ್ಡ್ ಟ್ರಯಲ್ ಮತ್ತೆ ಮೊದಲಿಂದ. ಅಷ್ಟು ದಿನ ಎಂಜಿನಿಯರ್‌ಗಳ ಸಂಬಳ ಯಾರು ಕೊಡಬೇಕು? ಹುಡುಗರು ಬಿಟ್ಟು ಹೋದರು. ಕೊನೆಗೆ ಕಡಿಮೆ ದರ ಹಾಕಲೇಬೇಕಾದಾಗ ಅಗ್ಗದ ಮೋಟಾರ್ ಎಲ್ಲಿಂದ ಬರುತ್ತದೆ ಅಂತ ನಿಮಗೂ ಗೊತ್ತು.

ನನ್ನ ಮಾತು ಇಷ್ಟೇ. ಟ್ರಯಲ್ ಪಾಸಾದ ಡ್ರೋನ್‌ಗೆ ಗೊತ್ತುಮಾಡಿದ ತಿಂಗಳುಗಳ ಒಳಗೆ ಒಂದು ಸಣ್ಣ ಆರ್ಡರ್ ಸಿಗಬೇಕು. ಹತ್ತೋ ಹದಿನೈದೋ ಸಾಕು. ಅದನ್ನು ಯೂನಿಟ್‌ಗೆ ಕೊಟ್ಟು ಒಂದು ಚಳಿಗಾಲ ಪೂರ್ತಿ ಹಾರಿಸಬೇಕು. ಬಹುಮಾನ, ಪ್ರಶಸ್ತಿ, ಏರೋ ಇಂಡಿಯಾದಲ್ಲಿ ಸ್ಟಾಲ್, ಇವಕ್ಕಿಂತ ಆ ಒಂದು ಸಣ್ಣ ಆರ್ಡರ್ ದೊಡ್ಡದು. ನೀವೇನಂತೀರಿ?

ಸುಬೇದಾರ್_ಎಎಸ್‌ಸಿ_ನಿವೃತ್ತ

ನಾನು ಸೇನೆಗೆ ರೇಷನ್, ಎಣ್ಣೆ ತಲುಪಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದವನು. ನಮ್ಮ ಕೋರ್‌ನ ಸೆಂಟರ್ ಅಂಡ್ ಕಾಲೇಜ್ ಬೆಂಗಳೂರಲ್ಲೇ ಇದೆ, ಆದರೆ ಕೆಲಸ ಮಾಡಿದ್ದೆಲ್ಲ ಮೇಲೆ. ಸರ್, ನೀವು ಹೇಳಿದ ಕಷ್ಟ ಅರ್ಥ ಆಗುತ್ತದೆ. ಮೇಲಿನ ಕಷ್ಟ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ.

ಲಡಾಖ್‌ಗೆ ಹೋಗುವ ರಸ್ತೆಯ ಜೋಜಿ ಲಾ ಕಣಿವೆದಾರಿ ಮಂಜಿಗೆ ಮುಚ್ಚುವ ಮೊದಲು ಚಳಿಗಾಲಕ್ಕೆ ಬೇಕಾದ್ದೆಲ್ಲ ತುಂಬಿಸಿಡಬೇಕು. ಇದಕ್ಕೆ ವಿಂಟರ್ ಸ್ಟಾಕಿಂಗ್ ಅಂತೀವಿ. ಲಾರಿ ಹೋಗುವ ತನಕ ತೊಂದರೆ ಇಲ್ಲ. ರಸ್ತೆ ಮುಗಿದ ಮೇಲೆ ಕೊನೆಯ ಕೆಲವು ಕಿಲೋಮೀಟರ್ ಇದೆಯಲ್ಲ, ಜೀವ ತಿನ್ನುವುದು ಅದೇ. ಒಂದು ಖಚ್ಚರ್, ಅಂದರೆ ಹೇಸರಗತ್ತೆ, ಸುಮಾರು 70 ಕೆಜಿ ಹೊರುತ್ತದೆ. ಮಂಜು ಬಿದ್ದರೆ ಅದೂ ಹೋಗುವುದಿಲ್ಲ. ಚೀತಾ ಹೆಲಿಕಾಪ್ಟರ್ ಬರುತ್ತದೆ, ನಮ್ಮ ಎಚ್‌ಎಎಲ್ ಮಾಡಿದ್ದೇ. ಆದರೆ ತುಂಬಾ ಎತ್ತರದ ಪೋಸ್ಟ್‌ಗೆ ಅದು ಒಯ್ಯುವ ತೂಕವೂ ಕಡಿಮೆ. ಪೈಲಟ್‌ಗಳು ಪ್ರತಿ ಸಲ ಪ್ರಾಣ ಪಣಕ್ಕಿಟ್ಟು ಬರುತ್ತಾರೆ.

ಮೇಲೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಸೀಮೆಎಣ್ಣೆ. ಅಡುಗೆಗೆ, ಕೋಣೆ ಬಿಸಿ ಮಾಡುವ ಬುಖಾರಿ ಒಲೆಗೆ, ಮಂಜು ಕರಗಿಸಿ ನೀರು ಮಾಡಲಿಕ್ಕೆ. ಅದು ಬರುವುದು 20 ಲೀಟರ್ ಜೆರಿಕ್ಯಾನ್‌ನಲ್ಲಿ. ಎಣ್ಣೆಯೇ 16 ಕೆಜಿ, ಕ್ಯಾನ್ ತೂಕ ಬೇರೆ. ಕಂಪನಿಯವರು ಒಂದು ಡಬ್ಬ ತೋರಿಸುತ್ತಾರೆ, ಚೆಂದ ಇರುತ್ತದೆ, ಆದರೆ ಅದರಲ್ಲಿ ಜೆರಿಕ್ಯಾನ್ ಹಿಡಿಯುವುದಿಲ್ಲ. ಅರ್ಧ ತುಂಬಿದ ಕ್ಯಾನ್ ಕೆಳಗೆ ಕಟ್ಟಿದರೆ ಎಣ್ಣೆ ಒಳಗೆ ಆಕಡೆ ಈಕಡೆ ಹೊಡೆದು ಡ್ರೋನ್ ತೂಗಾಡುತ್ತದೆ. ಬ್ಯಾಟರಿ ಬದಲಿಸುವ ಲಾಕ್ ಎಷ್ಟು ಸಣ್ಣದಿರುತ್ತದೆ ಅಂದರೆ ಗ್ಲೌಸ್ ಬಿಚ್ಚಲೇಬೇಕು. ಆ ಚಳಿಯಲ್ಲಿ ಬರಿಗೈಲಿ ಲೋಹ ಮುಟ್ಟಿದರೆ ಬೆರಳು ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಸೇನೆ ತಡ ಮಾಡುವುದೆಲ್ಲ ಸುಮ್ನೆ ಅಲ್ಲ. ಆ ಡ್ರೋನ್ ನಂಬಿ ಸ್ಟಾಕ್ ಕಡಿಮೆ ಮಾಡಿದ ಮೇಲೆ ಅದು ಹಾರದೆ ಹೋದರೆ ಹುಡುಗರ ಗತಿ ಏನು?

ಚಳ್ಳಕೆರೆ_ಹುಡುಗ

ಸುಬೇದಾರ್ ಸಾಹೇಬ್ರೆ, ಗ್ಲೌಸ್ ವಿಷಯ ಬರೆದುಕೊಂಡೆ. ಡಿಸೈನ್ ಮಾಡುವವರಿಗೆ ಇಂಥ ಮಾತು ಯಾರೂ ಹೇಳುವುದಿಲ್ಲ.

ನಾನು ಡ್ರೋನ್ ಕಂಪನಿಯೊಂದರಲ್ಲಿ ಪವರ್ ಸಿಸ್ಟಮ್ ನೋಡಿಕೊಳ್ಳುತ್ತೇನೆ. ಎತ್ತರದ ಲೆಕ್ಕ ಸ್ವಲ್ಪ ಹೇಳುತ್ತೇನೆ. ಬೆಂಗಳೂರು ಸುಮಾರು 3,000 ಅಡಿ ಮೇಲಿದೆ. ಇಲ್ಲಿಗೆ ಹೋಲಿಸಿದರೆ 15,000 ಅಡಿಯಲ್ಲಿ ಗಾಳಿ ಸುಮಾರು 30% ತೆಳು. ಅಷ್ಟೇ ತೂಕ ಎತ್ತಲು ಅದೇ ಪ್ರೊಪೆಲ್ಲರ್ ಸುಮಾರು 20% ಜೋರಾಗಿ ತಿರುಗಬೇಕು. ಕರೆಂಟೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಎಳೆಯುತ್ತದೆ. ಗಾಳಿ ತೆಳುವಾದ್ದರಿಂದ ಮೋಟಾರ್ ಕಂಟ್ರೋಲರ್ ತಣ್ಣಗಾಗುವುದೂ ಕಡಿಮೆ. ಹೊರಗೆ ಮೈನಸ್ 20 ಇದ್ದರೂ ಒಳಗಿನ ಚಿಪ್ ಕಾದು ಕೆಡಬಹುದು. ಬ್ಯಾಟರಿ ಕಥೆ ಇದಕ್ಕೆ ತದ್ವಿರುದ್ಧ. ಚಳಿಗೆ ಲಿಥಿಯಂ ಸೆಲ್ ಮಂಕಾಗುತ್ತದೆ, ಲೋಡ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಹಾರಿಸುವ ಮೊದಲು ಬ್ಯಾಟರಿ ಬಿಸಿ ಮಾಡಲೇಬೇಕು. ಆ ಬಿಸಿಗೆ ಪವರ್ ಎಲ್ಲಿಂದ? ಪೋಸ್ಟ್‌ನ ಜನರೇಟರ್‌ನಿಂದ. ಜನರೇಟರ್‌ಗೆ ಎಣ್ಣೆ ಎಲ್ಲಿಂದ? ಆ ಎಣ್ಣೆಯನ್ನೂ ನಾವೇ ಹೊತ್ತುಕೊಂಡು ಹೋಗಬೇಕು. ಈ ಲೆಕ್ಕ ಕೂಡಿಸದೆ 'ಇಷ್ಟು ಕೆಜಿ ಪೇಲೋಡ್' ಅಂತ ಬ್ರೋಷರ್‌ನಲ್ಲಿ ಹಾಕುವುದು ತಪ್ಪು.

ನಮ್ಮ ಕಡೆ ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರಲ್ಲಿ ಶುರುವಾಯಿತು. ವಿಶಾಲವಾದ ಬಯಲು, ಹಾರಿಸಲು ಒಳ್ಳೇ ಜಾಗ. ಆದರೆ ಅಲ್ಲಿ ಎತ್ತರ ಸಿಗುವುದಿಲ್ಲ. ಚಳಿಯನ್ನು ಛೇಂಬರ್‌ನಲ್ಲಿ ತರಿಸಬಹುದು. ಕಣಿವೆಯಲ್ಲಿ ಮಧ್ಯಾಹ್ನ ಏಳುವ ಗಾಳಿಯನ್ನು ಯಾವ ಛೇಂಬರ್‌ನಲ್ಲೂ ತರಿಸಲಾಗದು. ಅದಕ್ಕೆ ಲಡಾಖ್‌ಗೇ ಹೋಗಬೇಕು.

ಇಲ್ಲಿ ಸೇನೆಗೆ ಒಂದು ಮೆಚ್ಚುಗೆಯ ಮಾತು ಹೇಳಲೇಬೇಕು. ಸೆಪ್ಟೆಂಬರ್ 2024ರಲ್ಲಿ ಲೇಹ್ ಬಳಿ ವಾರಿ ಲಾ ಕಡೆ 'ಹಿಮ್ ಡ್ರೋನ್-ಅ-ಥಾನ್ 2' ಮಾಡಿದರು. 15,000 ಅಡಿಗೂ ಮೇಲೆ ಬೇರೆ ಬೇರೆ ಕಂಪನಿಯವರು ಹಾರಿಸಿ ತೋರಿಸುವ ಅವಕಾಶ. ಸಣ್ಣ ಕಂಪನಿ ತಾನೇ ಹೋಗಿ ಅಷ್ಟು ಎತ್ತರದಲ್ಲಿ ಹಾರಿಸಬೇಕಾದರೆ ಎಷ್ಟು ಪರವಾನಗಿ ಬೇಕು ಅಂತ ಯೋಚಿಸಿ. ಇದು ವರ್ಷಕ್ಕೊಮ್ಮೆ ಜಾತ್ರೆ ಥರ ಆಗಬಾರದು. ಬೇಸಿಗೆ, ಚಳಿಗಾಲ ಎರಡರಲ್ಲೂ ತೆರೆದಿರುವ ಒಂದು ಕಾಯಂ ಜಾಗ ಬೇಕು.

ಓಹಾಯೋ_ಸುಮಾ

ನಾನು ಡೇಟನ್‌ನಲ್ಲಿದ್ದೇನೆ, ರೈಟ್ ಸಹೋದರರ ಊರು. ಇಲ್ಲಿ ನಡೆದಿದ್ದು ನಿಮ್ಮ ಚರ್ಚೆಗೆ ಉಪಯೋಗ ಆಗಬಹುದು ಅನ್ನಿಸಿತು.

ಅಮೆರಿಕದ ವಾಯುಪಡೆ 2020ರಲ್ಲಿ 'ಅಜಿಲಿಟಿ ಪ್ರೈಮ್' ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಬ್ಯಾಟರಿಯಿಂದ ನೇರ ಮೇಲೆ ಏಳುವ ವಿಮಾನಗಳು, ಏರ್ ಟ್ಯಾಕ್ಸಿ ಅಂತೀವಲ್ಲ, ಅವುಗಳ ಕಂಪನಿಗಳ ಜೊತೆ ಕೆಲಸ ಮಾಡಲು. ಆಗ ವಾಯುಪಡೆಯ ಖರೀದಿ ವಿಭಾಗದ ಮುಖ್ಯಸ್ಥರಾಗಿದ್ದ ವಿಲ್ ರೋಪರ್ ಕೊಟ್ಟ ಕಾರಣ ಗಮನಿಸಿ. ಸಣ್ಣ ಡ್ರೋನ್‌ಗಳ ವಿಷಯದಲ್ಲಿ ಸೇನೆ ಮೊದಲೇ ಕೈ ಹಿಡಿಯದ್ದರಿಂದ ಆ ಇಡೀ ಉದ್ಯಮ ಚೀನಾಕ್ಕೆ ಹೋಯಿತು, ಈ ಸಲ ಹಾಗಾಗಬಾರದು ಅನ್ನುವುದು ಅವರ ವಾದ. ಪೀಣ್ಯದ ಸರ್ ಕೇಳಿದ ಪ್ರಶ್ನೆಯೂ ಅದೇ ಅಲ್ವಾ?

ಇಲ್ಲಿ ನಾಗರಿಕ ವಿಮಾನದ ಸರ್ಟಿಫಿಕೇಟ್ ಕೊಡುವುದು ಎಫ್‌ಎಎ ಅನ್ನುವ ಸರ್ಕಾರಿ ಸಂಸ್ಥೆ. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅದು ಸಿಗುವ ಮೊದಲೇ ಸೇನೆ ತನ್ನದೇ ಹಾರಾಟ ಅನುಮತಿ ಕೊಟ್ಟಿತು. ಜೋಬಿ ಕಂಪನಿಗೆ ಡಿಸೆಂಬರ್ 2020ರಲ್ಲಿ ಅದು ಸಿಕ್ಕಿತು. ಅದರಿಂದ ಕಂಪನಿಗೆ ಹಾರಾಟದ ಗಂಟೆ, ಡೇಟಾ, ಸ್ವಲ್ಪ ಹಣ ಮೂರೂ ಬಂತು. ಸೆಪ್ಟೆಂಬರ್ 2023ರಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಗೆ ಜೋಬಿಯ ಮೊದಲ ವಿಮಾನ ತಲುಪಿತು. ಮುಂದಿನ ತಿಂಗಳು ಬೀಟಾ ಕಂಪನಿಯ ವಿಮಾನ ವರ್ಮಾಂಟ್‌ನಿಂದ ಹಾರಿಕೊಂಡೇ ಫ್ಲಾರಿಡಾದಲ್ಲಿರುವ ವಾಯುಪಡೆಯ ಡ್ಯೂಕ್ ಫೀಲ್ಡ್‌ಗೆ ಬಂತು. ಅಲ್ಲಿ ಆ ಹೊತ್ತಿಗೆ ಚಾರ್ಜರ್ ಕೂಡ ಹಾಕಿಟ್ಟಿದ್ದರು. ಚಾರ್ಜರ್ ಯಾಕೆ ಹೇಳಿದೆ ಅಂದರೆ, ಬ್ಯಾಟರಿ ಬಿಸಿ ಮಾಡುವ ಪವರ್ ಬಗ್ಗೆ ಮೇಲೆ ಬಂದಿತ್ತಲ್ಲ. ವಾಹನ ಮಾತ್ರ ಕೊಂಡರೆ ಸಾಲದು, ಅದರ ಸುತ್ತಲಿನ ವ್ಯವಸ್ಥೆಯನ್ನೂ ಅದೇ ಒಪ್ಪಂದದಲ್ಲಿ ಯೋಚಿಸಬೇಕು.

ಎಲ್ಲ ಚೆನ್ನಾಗೇ ಆಯಿತು ಅಂತ ಹೇಳುತ್ತಿಲ್ಲ. ಫೆಬ್ರವರಿ 2022ರಲ್ಲಿ ಜೋಬಿಯ ಒಂದು ವಿಮಾನ ಟೆಸ್ಟ್‌ನಲ್ಲಿ ಬಿದ್ದು ಹೋಯಿತು. ಒಳಗೆ ಪೈಲಟ್ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಅದೇ ವರ್ಷ ಕಾರ್ಯಕ್ರಮದಲ್ಲಿದ್ದ ಕಿಟ್ಟಿ ಹಾಕ್ ಕಂಪನಿಯೇ ಮುಚ್ಚಿತು. ನೂರಾರು ವಿಮಾನ ಕೊಳ್ಳುವ ಹಂತಕ್ಕೆ ಇಲ್ಲೂ ಬಂದಿಲ್ಲ. ಅಂದರೆ ಸೇನೆ ಕೈ ಹಿಡಿದರೂ ಕೆಲವು ಕಂಪನಿ ಮುಳುಗುತ್ತವೆ. ಅದನ್ನು ಒಪ್ಪಿಕೊಂಡೇ ಹೊರಡಬೇಕು.

ಇನ್ನೊಂದು ಹಳೆ ಕಥೆ. ಡಿಸೆಂಬರ್ 1907ರಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ಕೋರ್ ವಿಮಾನಕ್ಕೆ ಟೆಂಡರ್ ಕರೆಯಿತು. ಇಬ್ಬರನ್ನು ಹೊರಬೇಕು, ಗಂಟೆಗೆ 40 ಮೈಲಿ ಹೋಗಬೇಕು, ಬಿಡಿಸಿ ಸೇನೆಯ ಗಾಡಿಯಲ್ಲಿ ಹಾಕಿಕೊಂಡು ಹೋಗಲು ಬರಬೇಕು, ಸುಮಾರು ಒಂದು ಗಂಟೆಯಲ್ಲಿ ಮತ್ತೆ ಜೋಡಿಸಲು ಆಗಬೇಕು. ರೈಟ್ ಸಹೋದರರ ಜೊತೆ ಆದ ಒಪ್ಪಂದದ ಬೆಲೆ 25,000 ಡಾಲರ್. ವೇಗ ಹೆಚ್ಚಾದರೆ ಬೋನಸ್, ಕಡಿಮೆಯಾದರೆ ಕಡಿತ. ಸೆಪ್ಟೆಂಬರ್ 1908ರ ಟ್ರಯಲ್‌ನಲ್ಲಿ ಪ್ರೊಪೆಲ್ಲರ್ ಮುರಿದು ವಿಮಾನ ಬಿತ್ತು. ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ತೀರಿಕೊಂಡರು, ಆರ್ವಿಲ್ ರೈಟ್‌ಗೆ ತುಂಬಾ ಪೆಟ್ಟಾಯಿತು. ಸೇನೆ ಒಪ್ಪಂದ ರದ್ದು ಮಾಡಲಿಲ್ಲ, ಅವಧಿ ಕೊಟ್ಟಿತು. 1909ರಲ್ಲಿ ಹೊಸ ವಿಮಾನ ತಂದು ಪಾಸಾದರು. ವೇಗದ ಬೋನಸ್ ಸೇರಿ 30,000 ಡಾಲರ್ ಸಿಕ್ಕಿತು. ಏನು ಬೇಕು ಅಂತ ಮೊದಲೇ ಸ್ಪಷ್ಟವಾಗಿ ಬರೆದಿದ್ದರು, ಎಷ್ಟು ಕೊಡುತ್ತೇವೆ ಅಂತಲೂ ಬರೆದಿದ್ದರು. ಅದಕ್ಕೇ ಅದು ನಡೆಯಿತು.

ಲೆಕ್ಕಪತ್ರ_ರಾಯರು

ಸರ್ಕಾರಿ ಹಣಕಾಸು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಪೀಣ್ಯದವರ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. 'ಟ್ರಯಲ್ ಪಾಸಾದವನಿಗೆ ಆರ್ಡರ್ ಕೊಡಿ' ಅನ್ನುವುದು ಕೇಳಲು ಸುಲಭ. ಐದು ಕಂಪನಿ ಪಾಸಾದರೆ ಯಾರಿಗೆ ಕೊಡಬೇಕು? ಒಬ್ಬನಿಗೆ ಕೊಟ್ಟರೆ ಉಳಿದ ನಾಲ್ವರು ಕೋರ್ಟಿಗೆ ಹೋಗುತ್ತಾರೆ. ಆಡಿಟ್‌ನವರು ಹತ್ತು ವರ್ಷ ಆದ ಮೇಲೂ ಫೈಲ್ ತೆಗೆದು ಕೇಳುತ್ತಾರೆ. ಸಹಿ ಹಾಕಿದ ಅಧಿಕಾರಿ ನಿವೃತ್ತಿಯಾಗಿದ್ದರೂ ಉತ್ತರ ಕೊಡಬೇಕು. ಎಲ್-1 ಪದ್ಧತಿಯಲ್ಲಿ ಕೊರತೆ ಇದೆ, ಆದರೆ ಅದು ಹುಟ್ಟಿದ್ದು ಸಾರ್ವಜನಿಕರ ದುಡ್ಡನ್ನು ಕಾಪಾಡಲು.

ನೀವು ಕೇಳುತ್ತಿರುವ ದಾರಿ ಸ್ವಲ್ಪ ಮಟ್ಟಿಗೆ ಈಗಾಗಲೇ ಇದೆ ಅನ್ನುವುದನ್ನೂ ಹೇಳಬೇಕು. ರಕ್ಷಣೆಗೆ ಹೊಸದನ್ನು ಮಾಡುವ ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುವ ಐಡೆಕ್ಸ್ ಯೋಜನೆ ಏಪ್ರಿಲ್ 2018ರಲ್ಲಿ ಚೆನ್ನೈನ ಡಿಫೆಕ್ಸ್‌ಪೋ ಪ್ರದರ್ಶನದಲ್ಲಿ ಶುರುವಾಯಿತು. ಅದನ್ನು ನಡೆಸುವ ಡಿಫೆನ್ಸ್ ಇನ್ನೊವೇಷನ್ ಆರ್ಗನೈಸೇಷನ್‌ಗೆ ಮೂಲ ಬಂಡವಾಳ ಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್, ಎರಡೂ ನಮ್ಮ ಬೆಂಗಳೂರಿನವೇ. ಸ್ಟಾರ್ಟಪ್‌ಗೆ ಮೊದಲು 1.5 ಕೋಟಿ ತನಕ ಅನುದಾನ ಇತ್ತು. ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿ ತನಕ ಆಯಿತು. 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ 25 ಕೋಟಿ ತನಕ. ಕಂಪನಿಯೂ ತನ್ನ ಪಾಲು ಹಾಕಬೇಕು. ಇಲ್ಲಿ ಗೆದ್ದವರಿಂದ ನೇರ ಖರೀದಿಗೆ ನಿಯಮದಲ್ಲಿ ಅವಕಾಶ ಇದೆ. ಸರ್ಕಾರ ತುರ್ತು ಖರೀದಿ ಅಧಿಕಾರ ಕೊಟ್ಟಾಗ 300 ಕೋಟಿ ತನಕ ಸೇನೆಯೇ ನಿರ್ಧಾರ ಮಾಡಿದ್ದೂ ಇದೆ.

ಜನವರಿ 2021ರಲ್ಲಿ ಸೇನೆ ಮುಂಬೈನ ಐಡಿಯಾಫೋರ್ಜ್ ಕಂಪನಿಯಿಂದ ಸ್ವಿಚ್ ಅನ್ನುವ ನಿಗಾ ಡ್ರೋನ್ ಕೊಂಡಿತು, ಸುಮಾರು 2 ಕೋಟಿ ಡಾಲರ್‌ನ ಒಪ್ಪಂದ, ಒಂದು ವರ್ಷದಲ್ಲಿ ಕೊಡಬೇಕು ಅನ್ನುವ ಷರತ್ತು. ಆದ್ದರಿಂದ ವ್ಯವಸ್ಥೆಯೇ ಇಲ್ಲ ಅನ್ನಬೇಡಿ.

ಪೀಣ್ಯ_ಪ್ರೊಪೆಲ್ಲರ್

ರಾಯರೇ, ಕೋರ್ಟಿನ ಮಾತು ನಿಜ. ಐದು ಜನ ಪಾಸಾದರೆ ಐವರಿಗೂ ಹತ್ತತ್ತು ಕೊಡಿ ಅನ್ನುತ್ತೇನೆ ನಾನು. ಐವತ್ತು ಡ್ರೋನ್. ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಯಾರದ್ದು ನಿಂತಿತು, ಯಾರದ್ದು ಬಿತ್ತು ಅಂತ ಲಾಗ್‌ಬುಕ್ಕೇ ಹೇಳುತ್ತದೆ. ದೊಡ್ಡ ಟೆಂಡರ್‌ಗೆ ಆ ಲಾಗ್‌ಬುಕ್‌ನ ಅಂಕವೂ ಸೇರಲಿ, ಬರೀ ಬೆಲೆ ಬೇಡ. ಎರಡು ದಿನದ ಪ್ರದರ್ಶನ ನೋಡಿ ನೂರಾರು ಡ್ರೋನ್ ಕೊಂಡು ಆಮೇಲೆ ರದ್ದು ಮಾಡುವುದಕ್ಕಿಂತ ಇದು ಸರ್ಕಾರದ ದುಡ್ಡಿಗೂ ಒಳ್ಳೆಯದು.

ಐಡೆಕ್ಸ್ ಬಗ್ಗೆ ನನಗೆ ಗೌರವ ಇದೆ. ಅದರಿಂದಲೇ ಎಷ್ಟೋ ಹುಡುಗರು ಈ ಕೆಲಸಕ್ಕೆ ಇಳಿದರು. 2021ರ ಸೇನಾ ದಿನದ ಪರೇಡ್‌ನಲ್ಲಿ 75 ಡ್ರೋನ್ ಒಟ್ಟಿಗೆ ಹಾರಿಸಿದ್ದು ಬೆಂಗಳೂರಿನ ನ್ಯೂಸ್ಪೇಸ್ ಕಂಪನಿ. ಆದರೆ ಅನುದಾನದಿಂದ ಪ್ರೋಟೋಟೈಪ್ ಆಗುತ್ತದೆ, ಸಪ್ಲೈ ಚೈನ್ ಆಗುವುದಿಲ್ಲ. ನನ್ನ ಪಕ್ಕದ ಶೆಡ್‌ನಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿದ್ದಾರೆ. ಕೈ ಚೆನ್ನಾಗಿದೆ. ಅವರನ್ನು ಡ್ರೋನ್ ಮೋಟಾರ್ ಮಾಡಿ ಅಂತ ಕೇಳಿದೆ. 'ವರ್ಷಕ್ಕೆ ಎಷ್ಟು ಬೇಕಾಗುತ್ತೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಬೇಕು ಅಂತ ಗೊತ್ತಿಲ್ಲದೆ ಯಾರು ಮೆಷಿನ್ ಹಾಕಿಸುತ್ತಾರೆ? ಮ್ಯಾಗ್ನೆಟ್ ಬೇರೆ ಹೊರಗಿಂದಲೇ ಬರಬೇಕು. ಏಪ್ರಿಲ್ 2025ರಲ್ಲಿ ಚೀನಾ ಏಳು ಬಗೆಯ ರೇರ್ ಅರ್ತ್ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಮೋಟಾರ್ ಮ್ಯಾಗ್ನೆಟ್‌ಗೆ ಬೇಕಾಗುವವೂ ಅದರಲ್ಲಿವೆ. ಆಗ ಇಲ್ಲಿ ಎಲ್ಲರಿಗೂ ಬಿಸಿ ತಟ್ಟಿತು.

ಫೆಬ್ರವರಿ 2022ರಲ್ಲಿ ನಮ್ಮ ಸರ್ಕಾರ ಡ್ರೋನ್ ಆಮದು ನಿಲ್ಲಿಸಿತು, ಬಿಡಿಭಾಗಕ್ಕೆ ತಡೆ ಇರಲಿಲ್ಲ. ಹಾಗಾಗಿ ಜೋಡಿಸುವ ಕೆಲಸ ಇಲ್ಲಿಗೆ ಬಂತು, ಒಳಗಿನ ಭಾಗ ಮಾಡುವ ಕೆಲಸ ಬರಲಿಲ್ಲ. ಸಣ್ಣ ಆರ್ಡರ್ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಡ್ರೋನ್ ಕಂಪನಿಗೆ ಮಾತ್ರವಲ್ಲ, ಅದರ ಹಿಂದೆ ಇರುವ ನಾವು ಹತ್ತಾರು ಶೆಡ್‌ನವರಿಗೆ ಅದು ಬೇಕು.

ಗೌರಿಬಿದನೂರು_ಗೆಳೆಯ

ಒಂದು ವಿಷಯ ಸೇರಿಸುತ್ತೇನೆ. ಸೇನೆ ಒಬ್ಬರನ್ನೇ ನಂಬಿ ಕೂತರೆ ಯಾವ ಕಂಪನಿಯೂ ಉಳಿಯುವುದಿಲ್ಲ. ನಾಗರಿಕರ ಕಡೆಯೂ ಕೆಲಸ ಬೇಕು. ಜೂನ್ 2021ರಲ್ಲಿ ನಮ್ಮ ಗೌರಿಬಿದನೂರಲ್ಲೇ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್‌ನವರು ಔಷಧಿ ಸಾಗಿಸುವ ಡ್ರೋನ್ ಪರೀಕ್ಷೆ ಮಾಡಿದರು, ಕಣ್ಣಿಗೆ ಕಾಣದಷ್ಟು ದೂರ ಹಾರಿಸುವ ಪರೀಕ್ಷೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಐಸಿಎಂಆರ್‌ನವರು ಮಣಿಪುರದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆ ಕಳಿಸಿದರು. ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುವ ದಾರಿ, ಡ್ರೋನ್‌ಗೆ ಕಾಲು ಗಂಟೆಯೂ ಬೇಕಾಗಲಿಲ್ಲ.

ಸೇನೆ ಡ್ರೋನ್‌ಗೆ ಒಂದು ಸ್ಪೆಸಿಫಿಕೇಷನ್, ಆರೋಗ್ಯ ಇಲಾಖೆಗೆ ಇನ್ನೊಂದು, ಅಂಚೆಯವರಿಗೆ ಮತ್ತೊಂದು ಅಂತ ಆದರೆ ಎಲ್ಲವೂ ದುಬಾರಿಯಾಗುತ್ತವೆ. ಬ್ಯಾಟರಿ ಪ್ಯಾಕ್, ಡಬ್ಬ ಹಿಡಿಯುವ ಕೊಂಡಿ, ಚಾರ್ಜರ್, ಇವಿಷ್ಟಾದರೂ ಒಂದೇ ಅಳತೆ ಆಗಲಿ. ರೇಡಿಯೊ, ಎನ್‌ಕ್ರಿಪ್ಷನ್ ಸೇನೆಗೆ ಬೇರೆ ಇರಲೇಬೇಕು, ಅದು ಸರಿ.

ಸುಬೇದಾರ್_ಎಎಸ್‌ಸಿ_ನಿವೃತ್ತ

ಹತ್ತತ್ತು ಕೊಟ್ಟು ಚಳಿಗಾಲ ನೋಡುವ ಮಾತು ನನಗೆ ಹಿಡಿಸಿತು. ಆದರೆ ಒಂದು ಷರತ್ತು. ಆ ಚಳಿಗಾಲ ಹಳೆ ಸ್ಟಾಕ್ ಒಂದು ಕೆಜಿಯೂ ಕಡಿಮೆ ಮಾಡಬಾರದು. ಡ್ರೋನ್ ತಂದಿದ್ದು ಹೆಚ್ಚುವರಿ ಅಂತಲೇ ಲೆಕ್ಕ ಹಿಡಿಯಬೇಕು. ನಂಬಿಕೆ ಬಂದ ಮೇಲೆ ಖಚ್ಚರ್, ಪೋರ್ಟರ್ ಕಡಿಮೆ ಮಾಡಿ. ಮತ್ತೆ, ಹಾರಿಸುವವರು ಕಂಪನಿ ಪೈಲಟ್ ಆಗಿರಬಾರದು. ನಮ್ಮ ಜವಾನರೇ ಹಾರಿಸಬೇಕು, ನಮ್ಮ ಜವಾನರೇ ರಿಪೇರಿ ಮಾಡಬೇಕು. ಸ್ಪೇರ್ ಪಾರ್ಟ್ ಪೆಟ್ಟಿಗೆ ಪೋಸ್ಟ್‌ನ ಕೆಳಗಿನ ಬೇಸ್‌ನಲ್ಲೇ ಇರಬೇಕು, ಬೆಂಗಳೂರಲ್ಲಿ ಅಲ್ಲ.

ಪೆಟ್ಟು ತಿಂದವನನ್ನು ಕೆಳಗೆ ಇಳಿಸುವ ಡ್ರೋನ್ ಯಾವಾಗ ಬರುತ್ತದೆ? ರಾತ್ರಿ ಹೊತ್ತು ಹೆಲಿಕಾಪ್ಟರ್ ಬರಲಾಗದಾಗ ಬೆಳಗಾಗಲಿ ಅಂತ ಕಾದಿದ್ದೇವೆ ನಾವು.

ಚಳ್ಳಕೆರೆ_ಹುಡುಗ

ಸಾಹೇಬ್ರೆ, ನೌಕಾಪಡೆಗಾಗಿ ಪುಣೆಯ ಸಾಗರ್ ಡಿಫೆನ್ಸ್ ಮಾಡಿದ 'ವರುಣ' ಅನ್ನುವ ಡ್ರೋನ್ ಇದೆ. ಒಬ್ಬ ಮನುಷ್ಯನನ್ನು ಹೊರುವಂಥದ್ದು, ಜುಲೈ 2022ರಲ್ಲಿ ತೋರಿಸಿದರು. 130 ಕೆಜಿ ಎತ್ತುತ್ತದೆ, ಸುಮಾರು 25 ಕಿಮೀ ದೂರ. ಆದರೆ ಅದು ಹಡಗಿನಿಂದ ಹಡಗಿಗೆ, ಸಮುದ್ರ ಮಟ್ಟದ ದಟ್ಟ ಗಾಳಿಯಲ್ಲಿ. ನಿಮ್ಮ ಎತ್ತರದಲ್ಲಿ ಮನುಷ್ಯನನ್ನು ಇಳಿಸುವುದು ಬ್ಯಾಟರಿಯಿಂದ ಸದ್ಯಕ್ಕೆ ಕಷ್ಟ. ಎಂಜಿನ್ ಮತ್ತು ಬ್ಯಾಟರಿ ಎರಡೂ ಇರುವ ಹೈಬ್ರಿಡ್ ಬೇಕಾಗಬಹುದು. ಹತ್ತಿರದ ಉತ್ತರ ಅಂದರೆ ಎಚ್‌ಎಎಲ್‌ನ ಲಘು ಹೆಲಿಕಾಪ್ಟರ್ ಎಲ್‌ಯುಎಚ್. 2020ರಲ್ಲಿ ಸಿಯಾಚಿನ್ ಹೆಲಿಪ್ಯಾಡ್‌ಗಳಲ್ಲಿ ಇಳಿದು ತೋರಿಸಿದೆ. ತುಮಕೂರು ಜಿಲ್ಲೆ ಗುಬ್ಬಿ ಹತ್ತಿರದ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಗಿದ್ದೂ ಅದಕ್ಕಾಗಿಯೇ. ಸುಳ್ಳು ಭರವಸೆ ಕೊಡಲು ಮನಸ್ಸಿಲ್ಲ, ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಲೆಕ್ಕಪತ್ರ_ರಾಯರು

ಐವರಿಗೂ ಹತ್ತತ್ತು ಅನ್ನುವುದಾದರೆ ನನ್ನ ಆಕ್ಷೇಪ ಅರ್ಧ ಕಡಿಮೆಯಾಯಿತು. ಇದನ್ನು ಸೇನೆಗೆ ಪತ್ರ ಬರೆದು ಕೇಳೋಣ. ಆದರೆ ಪತ್ರದಲ್ಲಿ ಇದನ್ನು 'ಖರೀದಿ' ಅಂತ ಬರೆಯಬೇಡಿ, 'ಬಳಕೆದಾರರ ಮೌಲ್ಯಮಾಪನಕ್ಕೆ ಸೀಮಿತ ಸಂಖ್ಯೆ' ಅಂತ ಬರೆಯಿರಿ. ಅಂಕ ಕೊಡುವ ಕ್ರಮವನ್ನು ಟ್ರಯಲ್‌ಗೂ ಮೊದಲೇ ಪ್ರಕಟಿಸಬೇಕು ಅಂತ ಸೇರಿಸಿ. ಮಧ್ಯದಲ್ಲಿ ಬದಲಿಸಿದರೆ ಫೈಲ್ ಅಲ್ಲೇ ನಿಲ್ಲುತ್ತದೆ. ಬಿಡಿಭಾಗ ಎಲ್ಲಿಯದು ಅನ್ನುವ ತಪಾಸಣೆ ಸಣ್ಣ ಆರ್ಡರ್ ಹಂತದಲ್ಲೇ ಆಗಲಿ, ಡ್ರೋನ್ ಬಿಚ್ಚಿ ಬೋರ್ಡ್ ನೋಡಿ. ಮೋಟಾರ್, ಬ್ಯಾಟರಿ, ಫ್ಲೈಟ್ ಕಂಟ್ರೋಲರ್, ರೇಡಿಯೊ ಈ ನಾಲ್ಕಕ್ಕೆ ಮೂಲದ ದಾಖಲೆ ಕಡ್ಡಾಯ ಮಾಡಬೇಕು.

ಆರ್ಮಿ ಡಿಸೈನ್ ಬ್ಯೂರೋದವರು ಸೇನೆಗೆ ಪರಿಹಾರ ಬೇಕಿರುವ ಸಮಸ್ಯೆಗಳ ಸಂಗ್ರಹ ಪ್ರಕಟಿಸುತ್ತಾರೆ. ಪತ್ರ ಅವರಿಗೇ ಹೋಗಲಿ.

ಪೀಣ್ಯ_ಪ್ರೊಪೆಲ್ಲರ್

ಆಗಲಿ ರಾಯರೇ, ಹಾಗೇ ಬರೆಯುತ್ತೇನೆ. ಸುಬೇದಾರ್ ಸಾಹೇಬರ ಎರಡು ಷರತ್ತೂ ಅದರಲ್ಲಿರುತ್ತವೆ. ಸುಮಾ ಮೇಡಂ, ಡ್ಯೂಕ್ ಫೀಲ್ಡ್‌ನಲ್ಲಿ ಚಾರ್ಜರ್ ಯಾರ ಖರ್ಚಿನಲ್ಲಿ ಹಾಕಿದರು, ಒಪ್ಪಂದದಲ್ಲಿ ಅದು ಹೇಗೆ ಸೇರಿತು ಅನ್ನುವುದು ಸಿಕ್ಕಿದರೆ ಇಲ್ಲೇ ಹಾಕಿ, ನಮಗೆ ಬೇಕು. ಚಳ್ಳಕೆರೆಯವರೇ, ಎತ್ತರದ ಲೆಕ್ಕವನ್ನು ಒಂದು ಪುಟದಲ್ಲಿ ಮಾಡಿಕೊಡಿ. 20 ಲೀಟರ್ ಜೆರಿಕ್ಯಾನ್ ಒಂದನ್ನು 15,000 ಅಡಿಯಲ್ಲಿ 10 ಕಿಮೀ ಒಯ್ಯಲು ಬ್ಯಾಟರಿ ಎಷ್ಟು ಬೇಕು, ಅದನ್ನು ಬಿಸಿ ಮಾಡಲು ಎಣ್ಣೆ ಎಷ್ಟು ಖರ್ಚಾಗುತ್ತದೆ, ಇವೆರಡೂ ಅದರಲ್ಲಿರಲಿ. ಭಾನುವಾರದ ಒಳಗೆ ಕರಡು ಇಲ್ಲಿ ಹಾಕುತ್ತೇನೆ. ಎಲ್ಲರೂ ತಿದ್ದಿ.